ಐದರ ಪಕ್ಕದ ಎರಡು ಇಪ್ಪತ್ತಾಗುವುದು ಹೇಗೆ?

(ಸಂಜೆ ಕಲಿಕಾ ತರಗತಿಯೊಂದರ ಪೋಷಕರು, ಸ್ವಯಂಸೇವಕರು ಹಾಗೂ ಮದ್ರಸ ಅಧ್ಯಾಪಕರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಗಣಿತದ ಬಗ್ಗೆ ಮಾತನಾಡಬೇಕೆಂದು ಸಂಘಟಕರು ಕೇಳಿಕೊಂಡಾಗ ನಾವು ಎರಡು ಬಾರಿ ನಿರಾಕರಿಸಿದ್ದೆವು. ನಾವು ಮದ್ರಸದ ಚಾಪೆಯ ಮೇಲೆ ಕುಳಿತು ಕಲಿತವರು. ಅನಂತರ ಪದವಿಗಾಗಿ ಕಲಾ ವಿಭಾಗವನ್ನು ಆಯ್ದುಕೊಂಡವರು. ಆಯ್ದುಕೊಂಡೆವು ಎಂಬುದು ಮರ್ಯಾದೆಗಾಗಿ ಹೇಳುವ ಮಾತು. ವಾಸ್ತವದಲ್ಲಿ ಅದು ಗಣಿತದಿಂದ ಮಾಡಿದ ಪಲಾಯನವಾಗಿತ್ತು. ಆದರೆ ಕಳೆದ ಎರಡು ವರ್ಷಗಳಿಂದ ವಾರಕ್ಕೆ ಮೂರು ಸಂಜೆ ಈ ಮಕ್ಕಳ ಜೊತೆ ಕುಳಿತು ನಾವು ಕಂಡದ್ದನ್ನು ನಿಮ್ಮ ಮುಂದಿಡುವುದಕ್ಕೆ ಗಣಿತ ಪಂಡಿತರಾಗಬೇಕಿಲ್ಲ ಎಂದು ಅವರು ಒತ್ತಾಯಿಸಿದರು. ಒಪ್ಪಿಕೊಂಡೆವು.

ಕಳೆದ ವರ್ಷ ಒಬ್ಬ ತಾಯಿ ನಾಲ್ಕನೆಯ ತರಗತಿಯಲ್ಲಿದ್ದ ಮಗಳನ್ನು ಕರೆದುಕೊಂಡು ಬಂದರು. "ಇವಳ ತಲೆಗೆ ಲೆಕ್ಕ ಹತ್ತುವುದಿಲ್ಲ. ಏಳನೆಯದು ಮುಗಿದರೆ ಸಾಕು, ಹೈಸ್ಕೂಲಿಗೆ ಕಳುಹಿಸಿ ಏನು ಪ್ರಯೋಜನ ಎಂದು ಇವಳ ತಂದೆ ಈಗಲೇ ಹೇಳುತ್ತಿದ್ದಾರೆ" ಎಂದರು. ಮಗು ಪಕ್ಕದಲ್ಲಿಯೇ ನಿಂತು ಕೇಳುತ್ತಿತ್ತು. ಒಂಬತ್ತರ ಹರೆಯದ ಮಗುವಿನ ಭವಿಷ್ಯದ ಬಗ್ಗೆ ಅದರ ಎದುರಿನಲ್ಲಿಯೇ ತೀರ್ಪು ನೀಡಲಾಗಿತ್ತು.

ನಾವು ಆಕೆಗೆ ನೂರ ಇಪ್ಪತ್ತೈದು ಎಂದು ಅಂಕಿಗಳಲ್ಲಿ ಬರೆಯಲು ಹೇಳಿದೆವು. ಆಕೆ ಸ್ವಲ್ಪವೂ ಅಳುಕದೆ 100205 ಎಂದು ಬರೆದಳು.

ನಿಮ್ಮಲ್ಲಿ ಕೆಲವರು ನಗುತ್ತಿದ್ದೀರಿ. ಅಂದು ನಮಗೂ ನಗು ಬಂದಿತ್ತು. ಆದರೆ ಆ ಕಾಗದವನ್ನು ಮನೆಗೆ ಕೊಂಡೊಯ್ದು ಮತ್ತೊಮ್ಮೆ ನೋಡಿದಾಗ ನಗು ಹೊರಟುಹೋಯಿತು. ಮೊದಲು ನೂರನ್ನು ಬರೆದಿದ್ದಾಳೆ, ಅದು ಸರಿ. ಬಳಿಕ ಇಪ್ಪತ್ತನ್ನು ಬರೆದಿದ್ದಾಳೆ, ಅದೂ ಸರಿ. ಕೊನೆಗೆ ಐದು. ಕಿವಿಯಲ್ಲಿ ಕೇಳಿದ್ದನ್ನು ಕೇಳಿದ ಕ್ರಮದಲ್ಲಿಯೇ, ಒಂದನ್ನೂ ಬಿಡದೆ ದಾಖಲಿಸಿದ್ದಾಳೆ. ಈ ಮಗುವಿಗೆ ಬುದ್ಧಿ ಇಲ್ಲವೆಂದು ಹೇಳುವವರು ಮೊದಲು ಈ ಬರಹದಲ್ಲಿರುವ ತರ್ಕಕ್ಕೆ ಉತ್ತರಿಸಬೇಕು. ಆಕೆಗೆ ತಿಳಿಯದಿದ್ದದ್ದು ಒಂದೇ ಸಂಗತಿ: ನಮ್ಮ ಅಂಕಿಗಳಲ್ಲಿ ಬೆಲೆಯನ್ನು ನಿರ್ಧರಿಸುವುದು ಅಂಕಿ ಮಾತ್ರವಲ್ಲ, ಅದು ಕುಳಿತಿರುವ ಜಾಗ ಕೂಡಾ. ಶಾಲಾ ಪುಸ್ತಕದಲ್ಲಿ ಇದಕ್ಕೆ ಸ್ಥಾನಬೆಲೆ ಎಂಬ ಹೆಸರಿದೆ. ಹೆಸರನ್ನು ಆಕೆ ಬಾಯಿಪಾಠ ಮಾಡಿದ್ದಳು.

ಇಲ್ಲಿ ಉಸ್ತಾದರು ಇರುವುದರಿಂದ ಅವರಿಗೆ ಪರಿಚಿತವಾದ ಒಂದು ಉದಾಹರಣೆಯನ್ನು ಕೊಡುತ್ತೇವೆ. ಅಬ್ಜದ್ ಲೆಕ್ಕ ನಿಮಗೆ ಗೊತ್ತಿದೆ. ಅಲಿಫ್‌ಗೆ ಒಂದು, ಯಾಗೆ ಹತ್ತು, ಖಾಫ್‌ಗೆ ನೂರು, ಗೈನ್‌ಗೆ ಸಾವಿರ. ನೂರ ಮೂವತ್ತನಾಲ್ಕನ್ನು ಬರೆಯಬೇಕಾದರೆ ಖಾಫ್, ಲಾಮ್, ದಾಲ್ ಎಂಬ ಮೂರು ಅಕ್ಷರಗಳು ಸಾಕು. ನೂರು, ಮೂವತ್ತು, ನಾಲ್ಕು. ಅವುಗಳ ಕ್ರಮವನ್ನು ಬದಲಿಸಿದರೂ ಮೊತ್ತ ಬದಲಾಗದು. ಬಿಸ್ಮಿಲ್ಲಾದ ಅಕ್ಷರಗಳನ್ನು ಹಾಗೆಯೇ ಕೂಡಿಸಿ 786 ಎನ್ನುತ್ತಾರೆ. (ಅದನ್ನು ಬಿಸ್ಮಿಲ್ಲಾದ ಬದಲಿಗೆ ಅಂಗಡಿಯ ಮೇಲೆ ಬರೆಯುವುದು ಸರಿಯೇ ಎಂಬ ಚರ್ಚೆಗೆ ಇದು ವೇದಿಕೆಯಲ್ಲ.) ಅಬ್ಜದ್‌ನಲ್ಲಿ ಹತ್ತಕ್ಕೊಂದು ಗುರುತು, ನೂರಕ್ಕೊಂದು ಗುರುತು. ಜಾಗಕ್ಕೆ ಬೆಲೆಯಿಲ್ಲ. ಆದ್ದರಿಂದ ಅಲ್ಲಿ ಸೊನ್ನೆಯ ಅಗತ್ಯವೂ ಇಲ್ಲ. ಆ ಬಾಲಕಿ 100, 20, 5 ಎಂದು ಪಕ್ಕಪಕ್ಕದಲ್ಲಿ ಬರೆದಾಗ ತನಗರಿವಿಲ್ಲದೆಯೇ ಅಬ್ಜದ್‌ನ ರೀತಿಯಲ್ಲಿ ಯೋಚಿಸಿದ್ದಳು. ಶತಮಾನಗಳ ಕಾಲ ವಿದ್ವಾಂಸರು ಹಾಗೆಯೇ ಯೋಚಿಸಿದ್ದರು.

ಒಂಬತ್ತು ಅಂಕಿಗಳು ಮತ್ತು ಒಂದು ಸೊನ್ನೆಯಿಂದ ಎಷ್ಟು ದೊಡ್ಡ ಸಂಖ್ಯೆಯನ್ನಾದರೂ ಬರೆಯುವ ಕ್ರಮ ಈ ದೇಶದ್ದು. ಬ್ರಹ್ಮಗುಪ್ತರು 628ರಲ್ಲಿಯೇ ಸೊನ್ನೆಯ ಲೆಕ್ಕಕ್ಕೆ ನಿಯಮಗಳನ್ನು ಬರೆದಿದ್ದರು. ಒಂಬತ್ತನೆಯ ಶತಮಾನದ ಆರಂಭದಲ್ಲಿ ಬಗ್ದಾದಿನ ಅಲ್ ಖ್ವಾರಿಝ್ಮಿ ಈ ಕ್ರಮವನ್ನು ವಿವರಿಸಿ ಅರಬಿಯಲ್ಲಿ ಗ್ರಂಥ ರಚಿಸಿದರು. ಮೂಲ ನಷ್ಟವಾಗಿದೆ, ಲ್ಯಾಟಿನ್ ಅನುವಾದ ಉಳಿದಿದೆ. ಕಂಪ್ಯೂಟರಿನವರು ಬಳಸುವ ಅಲ್ಗಾರಿದಮ್ ಎಂಬ ಪದ ಅವರ ಹೆಸರಿನಿಂದಲೇ ಬಂದುದು. ಇದನ್ನು ಭಾಷಣಗಳಲ್ಲಿ ಹೇಳಿ ಹೆಮ್ಮೆಪಡುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ. ಆದರೆ ಆ ಇತಿಹಾಸದಲ್ಲಿ ನಮ್ಮ ತರಗತಿಗೆ ಉಪಯೋಗಕ್ಕೆ ಬರುವ ಇನ್ನೊಂದು ಭಾಗವಿದೆ. ಅಂದಿನ ಲೆಕ್ಕಿಗರು ಹಲಗೆಯ ಮೇಲೆ ಧೂಳು ಹರಡಿ, ಬೆರಳಿನಿಂದ ಅಂಕಿ ಬರೆದು, ಅಳಿಸಿ, ಮತ್ತೆ ಬರೆದು ಲೆಕ್ಕ ಮಾಡುತ್ತಿದ್ದರು. ಹತ್ತನೆಯ ಶತಮಾನದಲ್ಲಿ ದಮಸ್ಕಸ್‌ನ ಅಲ್ ಉಖ್ಲಿದಿಸಿ ಧೂಳನ್ನು ಬಿಟ್ಟು ಶಾಯಿ ಮತ್ತು ಕಾಗದದಲ್ಲಿ ಲೆಕ್ಕ ಮಾಡುವ ವಿಧಾನವನ್ನು ಪ್ರತ್ಯೇಕವಾಗಿ ಕಲಿಸಬೇಕಾಯಿತು. ಯುರೋಪಿನಲ್ಲಂತೂ 1299ರಲ್ಲಿ ಫ್ಲಾರೆನ್ಸ್ ನಗರದ ಲೇವಾದೇವಿಗಾರರ ಸಂಘವು ತನ್ನ ಸದಸ್ಯರು ಲೆಕ್ಕದ ಪುಸ್ತಕಗಳಲ್ಲಿ ಈ ಅಂಕಿಗಳನ್ನು ಬಳಸಕೂಡದೆಂದು ನಿಷೇಧಿಸಿತ್ತು. ಹಣದ ವ್ಯವಹಾರದಲ್ಲಿ ಪಳಗಿದ್ದ ಹಿರಿಯರಿಗೇ ಇದು ಅಷ್ಟು ಅಪರಿಚಿತವಾಗಿದ್ದರೆ ಒಂಬತ್ತರ ಹರೆಯದ ಮಗುವಿನ ಮೇಲೆ ನಾವು ಸಿಟ್ಟಾಗುವುದು ಯಾವ ನ್ಯಾಯ?

ನಮ್ಮ ಮಕ್ಕಳ ಹೆಗಲ ಮೇಲೆ ಇನ್ನೊಂದು ಹೊರೆಯೂ ಇದೆ. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಮದ್ರಸದಲ್ಲಿ ಅರಬಿ, ಕೆಲವೆಡೆ ಉರ್ದು, ಈಗ ಎಲ್ಲೆಡೆ ಇಂಗ್ಲಿಷ್. ಕನ್ನಡವು ಈ ವಿಷಯದಲ್ಲಿ ಮಕ್ಕಳ ಪರವಾಗಿದೆ. ಇಪ್ಪತ್ತು ಮತ್ತು ಐದು ಸೇರಿ ಇಪ್ಪತ್ತೈದು. ಅರಬಿಯಲ್ಲಿ ಇದನ್ನೇ ಐದು ಮತ್ತು ಇಪ್ಪತ್ತು ಎನ್ನಬೇಕು. ಉರ್ದುವಿನಲ್ಲಿ ಇಪ್ಪತ್ತೊಂಬತ್ತು ಉನ್ತೀಸ್, ಅಂದರೆ ಮೂವತ್ತಕ್ಕೆ ಒಂದು ಕಡಿಮೆ. ಅರಬ್ ಮುದ್ರಣದ ಮುಸ್‌ಹಫ್‌ನಲ್ಲಿ ಐದರ ಅಂಕಿ ನಮ್ಮ ಸೊನ್ನೆಯ ಹಾಗೆ ದುಂಡಗೆ, ಸೊನ್ನೆ ಬರೀ ಚುಕ್ಕಿ. ಅಕ್ಷರಗಳು ಬಲದಿಂದ ಎಡಕ್ಕೆ, ಆದರೆ ಅದೇ ಸಾಲಿನಲ್ಲಿ ಸಂಖ್ಯೆಯ ದೊಡ್ಡ ಸ್ಥಾನ ಎಡಕ್ಕೇ. ಇಷ್ಟೆಲ್ಲವನ್ನು ನಿಭಾಯಿಸುವ ಮಗು ದಡ್ಡ ಆಗಿರಲಾರದು. ಕನ್ನಡದಲ್ಲಿಯೂ ಒಂದು ಗುಟ್ಟಿದೆ. ನೂರ ಐದು ಎನ್ನುವಾಗ ಹತ್ತರ ಬಗ್ಗೆ ನಾಲಿಗೆ ಏನನ್ನೂ ಹೇಳುವುದಿಲ್ಲ. ಬರಹ ಮಾತ್ರ ಅಲ್ಲೊಂದು ಸೊನ್ನೆಯನ್ನು ಕೇಳುತ್ತದೆ. ಮಾತಿನಲ್ಲಿ ಇಲ್ಲದ್ದನ್ನು ಕಾಗದದ ಮೇಲೆ ಏಕೆ ಬರೆಯಬೇಕು ಎಂದು ಮಗುವಿಗೆ ಯಾರೂ ತೋರಿಸಿಕೊಟ್ಟಿಲ್ಲ.

ಇಂದು ರಾತ್ರಿ ಮನೆಯಲ್ಲಿ ಒಂದು ಪರೀಕ್ಷೆ ಮಾಡಿ ನೋಡಿರಿ. ಮಗುವಿನ ಮುಂದೆ ಇಪ್ಪತ್ತೈದು ಹುಣಸೆ ಬೀಜಗಳನ್ನಿಡಿ. ಎಣಿಸಿ 25 ಎಂದು ಬರೆಯಲು ಹೇಳಿರಿ. ಬಳಿಕ ಐದರ ಅಂಕಿಯನ್ನು ಮುಟ್ಟಿ, "ಇದು ಯಾವ ಬೀಜಗಳು, ತೋರಿಸು" ಎನ್ನಿರಿ. ಐದು ಬೀಜ ತೋರಿಸುತ್ತದೆ. ಈಗ ಎರಡರ ಅಂಕಿಯನ್ನು ಮುಟ್ಟಿ ಅದೇ ಪ್ರಶ್ನೆ ಕೇಳಿರಿ. ನಮ್ಮ ತರಗತಿಯ ಹೆಚ್ಚಿನ ಮಕ್ಕಳು ಎರಡೇ ಬೀಜಗಳನ್ನು ತೋರಿಸಿದರು. ಉಳಿದ ಹದಿನೆಂಟು ಬೀಜಗಳು ಯಾರವು ಎಂದರೆ ಮುಖ ನೋಡುತ್ತಿದ್ದರು. ಕಾನ್ಸ್ಟೆನ್ಸ್ ಕಮಿ ಎಂಬ ಶಿಕ್ಷಣ ತಜ್ಞೆ ಇಂತಹದೇ ಪ್ರಶ್ನೆಯನ್ನು ಅಮೆರಿಕದ ಮಕ್ಕಳಿಗೆ ಕೇಳಿ ಇಂತಹದೇ ಉತ್ತರ ಪಡೆದಿದ್ದರು. ಆದ್ದರಿಂದ ಇದು ಬಡವರ ಮಕ್ಕಳ ಅಥವಾ ಒಂದು ಸಮುದಾಯದ ಮಕ್ಕಳ ದೋಷವಲ್ಲ. ಅಸರ್ ವರದಿಯ ಪ್ರಕಾರ 2024ರಲ್ಲಿ ಗ್ರಾಮೀಣ ಭಾರತದ ಮೂರನೆಯ ತರಗತಿಯ ಮಕ್ಕಳಲ್ಲಿ ಎರಡಂಕಿಯ, ದಶಕ ಸಹಿತವಾದ ಕಳೆಯುವ ಲೆಕ್ಕ ಮಾಡಬಲ್ಲವರು ಶೇ. 33.7ರಷ್ಟು ಮಾತ್ರ.

ಹಾಗೆಂದು ನಾವು ನಿಶ್ಚಿಂತರಾಗಿರುವಂತಿಲ್ಲ. 6ರಿಂದ 14ರ ಹರೆಯದ ಮುಸ್ಲಿಮ್ ಮಕ್ಕಳಲ್ಲಿ ಶೇ. 25ರಷ್ಟು ಮಂದಿ ಒಂದೋ ಶಾಲೆಯ ಮೆಟ್ಟಿಲು ಹತ್ತಿಲ್ಲ ಅಥವಾ ಅರ್ಧದಲ್ಲಿ ಇಳಿದಿದ್ದಾರೆ ಎಂದು 2006ರ ಸಾಚಾರ್ ವರದಿ ಹೇಳಿತ್ತು. ಅದಕ್ಕೆ ಬಡತನ ಕಾರಣ, ಸರಕಾರದ ನಿರ್ಲಕ್ಷ್ಯ ಕಾರಣ. ಅವುಗಳ ವಿರುದ್ಧ ಮಾತನಾಡುವುದನ್ನು ನಾವು ನಿಲ್ಲಿಸಬಾರದು. ಆದರೆ "ಇವನಿಗೆ ಲೆಕ್ಕ ಬರುವುದಿಲ್ಲ" ಎಂಬ ಮಾತು ಯಾವ ಸರಕಾರಿ ಆದೇಶದಲ್ಲಿಯೂ ಇಲ್ಲ. ಅದು ನಮ್ಮ ಮನೆಯ ಅಂಗಳದಲ್ಲಿ ಹುಟ್ಟುವ ಮಾತು.

ಆ ಬಾಲಕಿಯ ವಿಷಯಕ್ಕೆ ಮರಳೋಣ. ಮರುದಿನ ನಾವು ಹಿಡಿಸೂಡಿಯ ಕಡ್ಡಿಗಳನ್ನು ಬೆರಳುದ್ದ ಕತ್ತರಿಸಿ ಆಕೆಯ ಮುಂದೆ ರಾಶಿ ಹಾಕಿದೆವು. ಎಷ್ಟಿವೆ ಎಂದು ಕೇಳಿದೆವು. ಒಂದೊಂದಾಗಿ ಎಣಿಸುತ್ತಾ ನಲವತ್ತರ ಆಸುಪಾಸಿನಲ್ಲಿ ತಪ್ಪಿದಳು. ಮತ್ತೆ ಮೊದಲಿನಿಂದ ಎಣಿಸಿದಳು, ಮತ್ತೆ ತಪ್ಪಿದಳು. ಮೂರನೆಯ ಸಲಕ್ಕೆ ತಾನಾಗಿಯೇ ಗುಂಪು ಮಾಡತೊಡಗಿದಳು. ಹತ್ತು ಹತ್ತು ಮಾಡು ಎಂದು ಆಗ ಮಾತ್ರ ಹೇಳಿದೆವು. ಹತ್ತಾದೊಡನೆ ನೂಲು ಸುತ್ತಿ ಕಟ್ಟಬೇಕು. ಇದು ಬಹಳ ಮುಖ್ಯ, ಕಟ್ಟುವ ಕೈ ಮಗುವಿನದ್ದಾಗಿರಬೇಕು. ನಮ್ಮ ಸ್ವಯಂಸೇವಕರೊಬ್ಬರು ಶ್ರಮಪಟ್ಟು ಮನೆಯಲ್ಲಿಯೇ ನೂರು ಕಟ್ಟುಗಳನ್ನು ಸಿದ್ಧಪಡಿಸಿಕೊಂಡು ಬಂದಿದ್ದರು. ಅವರ ಪರಿಶ್ರಮ ಮೆಚ್ಚತಕ್ಕದ್ದು, ಆದರೆ ಮಕ್ಕಳಿಗೆ ಅವು ಬರೀ ದಪ್ಪ ಕಡ್ಡಿಗಳಾದವು. ಹತ್ತು ಬಿಡಿಗಳು ತನ್ನ ಬೆರಳುಗಳ ನಡುವೆಯೇ ಒಂದು ಕಟ್ಟಾಗುವುದನ್ನು ಅನುಭವಿಸಿದ ಮಗುವಿಗೆ ಮಾತ್ರ ಆ ಒಂದರೊಳಗೆ ಹತ್ತು ಇದೆ ಎಂಬುದು ನೆನಪಿರುತ್ತದೆ. ಹತ್ತು ಕಟ್ಟುಗಳನ್ನು ಸೇರಿಸಿ ಮತ್ತೊಮ್ಮೆ ಬಿಗಿದರೆ ನೂರು. ಆಕೆ ಅದನ್ನು ಒಂದು ಕೈಯಲ್ಲಿ, ಒಂದು ಕಡ್ಡಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು ತೂಗಿ ನೋಡಿದಳು. ಎರಡನ್ನೂ ನಾವು ಕಾಗದದಲ್ಲಿ 1 ಎಂದೇ ಬರೆಯುತ್ತೇವೆ, ಜಾಗ ಮಾತ್ರ ಬೇರೆ.

ಆ ಜಾಗಕ್ಕಾಗಿ ಒಂದು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಮೂರು ಮನೆ ಗೆರೆ ಎಳೆದೆವು. ಬಲಕ್ಕೆ ಬಿಡಿ, ನಡುವೆ ಹತ್ತು, ಎಡಕ್ಕೆ ನೂರು. ದಾಳ ಎಸೆದು ಬಿದ್ದಷ್ಟು ಕಡ್ಡಿಗಳನ್ನು ಬಿಡಿಯ ಮನೆಯಲ್ಲಿಡುವ ಆಟ. ಒಂದೇ ನಿಯಮ: ಒಂದು ಮನೆಯಲ್ಲಿ ಒಂಬತ್ತಕ್ಕಿಂತ ಹೆಚ್ಚು ಇರುವಂತಿಲ್ಲ. ಹತ್ತಾಯಿತೆಂದರೆ ಕಟ್ಟಿ ಎಡಗಡೆಗೆ ಸಾಗಿಸಬೇಕು. ಅಂಕಿಗಳು ಒಂಬತ್ತಕ್ಕೆ ಏಕೆ ನಿಲ್ಲುತ್ತವೆ ಎಂಬುದು ಈ ಆಟದಲ್ಲಿ ಗೊತ್ತಾಗುವಷ್ಟು ಚೆನ್ನಾಗಿ ನಮ್ಮ ಯಾವ ವಿವರಣೆಯಿಂದಲೂ ಗೊತ್ತಾಗಲಿಲ್ಲ.

ಬಳಿಕ ಮದುವೆ ಕಾಗದಗಳನ್ನು ಕತ್ತರಿಸಿದೆವು. ನಮ್ಮಲ್ಲಿ ಮದುವೆ ಕಾಗದಕ್ಕೆ ಸುರಿಯುವ ಹಣದಿಂದ ಒಂದು ಲೈಬ್ರರಿ ನಡೆಸಬಹುದು, ಇರಲಿ. ಕನಿಷ್ಠ ಅದರ ದಪ್ಪ ಕಾಗದ ಉಪಯೋಗಕ್ಕೆ ಬಂತು. ಮೂರು ಮನೆ ಅಗಲದ ಪಟ್ಟಿಯ ಮೇಲೆ 100, ಎರಡು ಮನೆ ಅಗಲದ ಪಟ್ಟಿಯ ಮೇಲೆ 20, ಒಂದು ಮನೆಯ ಚೀಟಿಯಲ್ಲಿ 5. ಬಲತುದಿ ಸರಿಯಾಗಿ ಕೂಡುವಂತೆ ಒಂದರ ಮೇಲೊಂದನ್ನು ಇಟ್ಟರೆ 125 ಕಾಣುತ್ತದೆ. ಎತ್ತಿದರೆ ಕೆಳಗೆ ನೂರು, ಇಪ್ಪತ್ತು, ಐದು ಹಾಗೆಯೇ ಇವೆ. ಆಕೆಯ ಹಳೆಯ 100205ನ್ನು ಪಕ್ಕದಲ್ಲಿಟ್ಟು ತೋರಿಸಿದೆವು. "ನೀನು ಬರೆದದ್ದರಲ್ಲಿ ಯಾವುದೂ ಸುಳ್ಳಲ್ಲ, ಒಂದರ ಮೇಲೊಂದು ಇಡಬೇಕಾಗಿತ್ತು ಅಷ್ಟೆ" ಎಂದೆವು. ಆಕೆ ಪಟ್ಟಿಗಳನ್ನು ಎತ್ತಿ ಇಳಿಸಿ, ಎತ್ತಿ ಇಳಿಸಿ ಎಷ್ಟು ಹೊತ್ತು ಆಡಿದಳೆಂದರೆ ಅಂದಿನ ಪಾಠ ಅಲ್ಲಿಗೇ ನಿಂತಿತು. ಮರುದಿನ ನೂರ ಐದನ್ನು ಜೋಡಿಸಿದಾಗ ನಡುವೆ ನೂರರ ಸೊನ್ನೆ ತಾನಾಗಿಯೇ ಇಣುಕಿತು. ಅತ್ತ ಗೆರೆ ಎಳೆದ ಕಾಗದದಲ್ಲಿ ಹತ್ತರ ಮನೆ ಖಾಲಿ. ಖಾಲಿ ಮನೆಗೂ ಒಂದು ಗುರುತು ಬೇಕೆಂದು ಆಕೆಗೆ ಹೇಳಬೇಕಾಗಲಿಲ್ಲ. ಅರಬಿಯಲ್ಲಿ ಸೊನ್ನೆಗೆ ಸಿಫ್ರ್ ಎನ್ನುತ್ತಾರೆ, ಖಾಲಿ ಎಂದೇ ಅದರ ಅರ್ಥ.

ಕಳೆಯುವ ಲೆಕ್ಕದ ವಿಷಯ ಸ್ವಲ್ಪ ಬೇರೆ. 52ರಿಂದ 27ನ್ನು ಕಳೆ ಎಂದರೆ ಮಕ್ಕಳು 35 ಎಂದು ಬರೆಯುತ್ತಾರೆ. ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕೆಂದು ನಾವೇ ಕಲಿಸಿದ್ದೇವೆ. ಆದ್ದರಿಂದ ಏಳರಿಂದ ಎರಡನ್ನು ಕಳೆದಿದ್ದಾರೆ. ಇದನ್ನು ತಿದ್ದಲು ಶಾಲೆಗಳಲ್ಲಿ ಪಕ್ಕದ ಮನೆಯಿಂದ ಒಂದು ಸಾಲ ತೆಗೆದುಕೊಳ್ಳುವ ಕಥೆ ಹೇಳುತ್ತಾರೆ. ನಮ್ಮ ತರಗತಿಯ ಒಬ್ಬ ಹುಡುಗ ಕೇಳಿದ: "ಸರ್, ಆ ಸಾಲವನ್ನು ವಾಪಸು ಕೊಡುವುದು ಯಾವಾಗ?" ಇನ್ನೊಬ್ಬನ ಪ್ರಶ್ನೆ ಇನ್ನೂ ಹರಿತವಾಗಿತ್ತು: "ಒಂದು ಸಾಲ ಪಡೆದರೆ ಹತ್ತು ಆಗುವುದು ಬಡ್ಡಿಯಲ್ಲವೇ?" ನಮ್ಮಲ್ಲಿ ಉತ್ತರವಿರಲಿಲ್ಲ. ಸಾಲದ ಕಥೆಯನ್ನು ಅಂದೇ ಕೈಬಿಟ್ಟೆವು.

ಅದರ ಬದಲಿಗೆ ಐದು ಕಟ್ಟು, ಎರಡು ಬಿಡಿ ಕಡ್ಡಿಗಳನ್ನು ಆ ಬಾಲಕಿಯ ಮುಂದಿಟ್ಟು, "ಇದರಿಂದ ನಮಗೆ ಇಪ್ಪತ್ತೇಳು ಕೊಡು" ಎಂದೆವು. ಆಕೆ ಎರಡು ಕಟ್ಟು ಕೊಟ್ಟಳು. ಎರಡು ಬಿಡಿ ಕೊಟ್ಟಳು. ಇನ್ನೂ ಐದು ಬೇಕು. ಮೂರು ಕಟ್ಟುಗಳನ್ನು ನೋಡುತ್ತಾ ಕುಳಿತಳು. ಸ್ವಯಂಸೇವಕರು ಬಾಯಿ ತೆರೆಯಲು ಹೊರಟರು, ನಾವು ಸನ್ನೆ ಮಾಡಿ ತಡೆದೆವು. ಬಹಳ ಹೊತ್ತಿನ ಬಳಿಕ ಆಕೆ ಮೆಲ್ಲನೆ ಕೇಳಿದಳು: "ಸರ್, ಕಟ್ಟು ಬಿಚ್ಚಬಹುದಾ?"

ಈ ಒಂದು ಪ್ರಶ್ನೆಗಾಗಿ ನಾವು ಹಿಡಿಸೂಡಿಯನ್ನು ಹಾಳು ಮಾಡಿದ್ದು ಸಾರ್ಥಕವಾಯಿತು. ಬಿಚ್ಚಿದಳು, ಐದು ಕೊಟ್ಟಳು, ಎರಡು ಕಟ್ಟು ಮತ್ತು ಐದು ಬಿಡಿ ಉಳಿದವು. ಆಕೆ ಹತ್ತರಿಂದ ಆರಂಭಿಸಿದ್ದಳು, ಶಾಲೆಯಲ್ಲಿ ಬಿಡಿಯಿಂದ ಆರಂಭಿಸಲು ಹೇಳುತ್ತಾರೆ. ಕೆಲವು ಅಧ್ಯಾಪಕರು ಇದನ್ನು ತಪ್ಪೆಂದು ತಿದ್ದುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ತಿದ್ದುವ ಅಗತ್ಯವಿಲ್ಲ. ಬರೆಯುವ ಅನುಕೂಲಕ್ಕಾಗಿ ಬಿಡಿಯಿಂದ ಆರಂಭಿಸುವುದು ಲೇಸೆಂದು ಕೆಲವೇ ದಿನಗಳಲ್ಲಿ ಆಕೆಗೇ ತಿಳಿಯಿತು.

ನಮ್ಮದೂ ಒಂದು ತಪ್ಪು ಇದೆ, ಅದನ್ನು ಮುಚ್ಚಿಡಬಾರದು. ಆರಂಭದ ಮೂರು ವಾರ ನಾವು ಅರ್ಧ ಗಂಟೆ ಕಡ್ಡಿಗಳಲ್ಲಿ ಆಡಿಸಿ, ಎಲ್ಲವನ್ನೂ ಎತ್ತಿಟ್ಟು, ಅನಂತರ ಪುಸ್ತಕ ತೆರೆಸುತ್ತಿದ್ದೆವು. ಕಡ್ಡಿಯಲ್ಲಿ ಸರಿ ಉತ್ತರ ಕೊಟ್ಟ ಮಕ್ಕಳು ಪುಸ್ತಕದಲ್ಲಿ ಅದೇ ಹಳೆಯ 35 ಬರೆಯುತ್ತಿದ್ದರು. ಸಾಮಗ್ರಿಯಿಂದ ಏನೂ ಆಗದು ಎಂದು ನಾವು ಹತಾಶರಾಗಿದ್ದೆವು. ಕಡ್ಡಿಯೊಳಗೆ ಗಣಿತ ಅಡಗಿದೆ, ಮುಟ್ಟಿದೊಡನೆ ಅದು ಕೈಗೆ ಅಂಟಿಕೊಳ್ಳುತ್ತದೆ ಎಂಬ ಭ್ರಮೆ ನಮ್ಮದಾಗಿತ್ತು. ಮಗುವಿಗೆ ಅವೆರಡೂ ಬೇರೆ ಬೇರೆ ಆಟಗಳು. ಕಟ್ಟು ಬಿಚ್ಚಿದ ಕ್ಷಣವೇ ಐದನ್ನು ಹೊಡೆದು ನಾಲ್ಕು ಮಾಡಬೇಕು, ಎರಡನ್ನು ಹನ್ನೆರಡು ಮಾಡಬೇಕು. ಕೈ ಮಾಡಿದ್ದನ್ನು ಪೆನ್ಸಿಲ್ ಅಲ್ಲೇ, ಆಗಲೇ ಬರೆಯಬೇಕು. ಹೀಗೆ ಬದಲಾಯಿಸಿದ ಬಳಿಕವೇ ನಮಗೆ ಫಲ ಕಂಡದ್ದು. ಕೆಲವು ವಾರ ಕಳೆದ ಮೇಲೆ ಕಡ್ಡಿಗಳ ಮೇಲೆ ಬಟ್ಟೆ ಮುಚ್ಚಿ, "ಈಗ ಒಳಗೆ ಏನಾಗುತ್ತಿದೆ ಹೇಳು" ಎಂದು ಕೇಳುತ್ತೇವೆ. ಹೇಳಬಲ್ಲ ಮಗುವಿಗೆ ಇನ್ನು ಕಡ್ಡಿ ಬೇಡ. ಹೇಳಲಾಗದ ಮಗುವಿನಿಂದ ಅದನ್ನು ಕಸಿದುಕೊಳ್ಳಬೇಡಿ. ಐದನೆಯ ತರಗತಿಯಲ್ಲಿ ಕಡ್ಡಿ ಎಣಿಸುವುದು ನಾಚಿಕೆಯೆಂದು ಹೇಳಬೇಡಿ.

ಆರಂಭದಲ್ಲಿಯೇ ನೋಟುಗಳನ್ನು ಕೊಡಬಹುದಲ್ಲವೇ ಎಂದು ಹಲವರು ಕೇಳುತ್ತಾರೆ. ಹತ್ತು ರೂಪಾಯಿಯ ನೋಟನ್ನು ಬಿಚ್ಚಿದರೆ ಒಳಗೆ ಹತ್ತು ನಾಣ್ಯಗಳು ಸಿಗುವುದಿಲ್ಲ. ಅದರ ಬೆಲೆ ನಮ್ಮ ಒಪ್ಪಂದದ ಮೇಲೆ ನಿಂತಿದೆ. ಕಟ್ಟುವುದು, ಬಿಚ್ಚುವುದು ಗಟ್ಟಿಯಾದ ಬಳಿಕ ನೋಟು, ಆ ಬಳಿಕ ಮಣಿಚೌಕಟ್ಟು. ಚೌಕಟ್ಟಿನಲ್ಲಂತೂ ಹತ್ತರ ಮಣಿಗೂ ಬಿಡಿಯ ಮಣಿಗೂ ಆಕಾರದಲ್ಲಿ ವ್ಯತ್ಯಾಸವೇ ಇಲ್ಲ, ಅದು ಅಂಕಿಗಳಿಗೆ ತೀರಾ ಹತ್ತಿರದ್ದು.

ದುಬಾರಿ ಸಾಮಗ್ರಿ ಬೇಕೆಂಬುದೂ ತಪ್ಪು ಕಲ್ಪನೆ. ಮಾರಿಯಾ ಮಾಂಟೆಸ್ಸರಿ 1907ರಲ್ಲಿ ತಮ್ಮ ಮೊದಲ ಶಾಲೆ ತೆರೆದದ್ದು ರೋಮ್ ನಗರದ ಬಡವರ ಬಡಾವಣೆಯಲ್ಲಿ. ಇಂದು ಅವರ ಹೆಸರಿನ ಶಾಲೆಗಳಿಗೆ ಬಡವರ ಮಕ್ಕಳು ಗೇಟಿನ ಹೊರಗಿನಿಂದ ಇಣುಕಬೇಕಾಗಿದೆ. ಗಣಿತ ಕಲಿಕಾ ಆಂದೋಲನದ ಮೂಲಕ ರಾಜ್ಯದ ಸರಕಾರಿ ಶಾಲೆಗಳಿಗೂ ಒಳ್ಳೆಯ ಪೆಟ್ಟಿಗೆಗಳು ತಲಪಿವೆ. ಬಿಡಿ, ಹತ್ತು, ನೂರರ ಘನಗಳು ಅದರಲ್ಲಿವೆ. ಅದನ್ನು ಉತ್ಸಾಹದಿಂದ ಬಳಸುವ ಅಧ್ಯಾಪಕರನ್ನು ಕಂಡಿದ್ದೇವೆ. ಒಂದು ಶಾಲೆಯಲ್ಲಿ ಮಾತ್ರ ಪೆಟ್ಟಿಗೆ ಕಪಾಟಿನಲ್ಲಿತ್ತು, ಕಪಾಟಿಗೆ ಬೀಗವಿತ್ತು. ಒಂದು ತುಂಡು ಕಳೆದುಹೋದರೂ ಸ್ಟಾಕ್ ರಿಜಿಸ್ಟರಿಗೆ ಉತ್ತರ ಹೇಳಬೇಕಲ್ಲ ಎಂದರು. ಆ ಭಯವನ್ನು ಅವರಲ್ಲಿ ಹುಟ್ಟಿಸಿದ್ದು ಯಾರು ಎಂಬುದನ್ನೂ ಯೋಚಿಸಬೇಕು. ಶಾಲಾಭಿವೃದ್ಧಿ ಸಮಿತಿಯಲ್ಲಿರುವ ಪೋಷಕರು ಮುಂದಿನ ಸಭೆಯಲ್ಲಿ, ಕಳೆದುಹೋದ ತುಂಡಿಗೆ ನಾವು ಜವಾಬ್ದಾರರು ಎಂದು ಬರೆದುಕೊಡಲಿ. ಬೀಗ ತೆರೆಯಬಹುದು.

ಆ ತಾಯಿಯ ಬಗ್ಗೆ ಹೇಳದೆ ಮುಗಿಸಲಾರೆವು. ಬೀಡಿ ಕಟ್ಟುವವರು. "ನನಗೂ ಲೆಕ್ಕ ಬರುವುದಿಲ್ಲ, ಅದಕ್ಕೇ ಇವಳಿಗೂ ಬರುವುದಿಲ್ಲ" ಎಂದಿದ್ದರು. ಸಾವಿರಕ್ಕೆ ಇಷ್ಟೆಂದು ಕೂಲಿ. ಇಪ್ಪತ್ತೈದರ ಕಟ್ಟು, ನಲವತ್ತು ಕಟ್ಟಾದರೆ ಸಾವಿರ. ಇದನ್ನು ಅವರು ಕಾಗದ ಮುಟ್ಟದೆ ನಿತ್ಯವೂ ಲೆಕ್ಕ ಹಾಕುತ್ತಾರೆ. ಒಂದು ಸಂಜೆ ಅವರನ್ನೇ ಮಕ್ಕಳ ನಡುವೆ ಕೂರಿಸಿದೆವು. "ಉಮ್ಮಾ, ನಿಮ್ಮದು ಇಪ್ಪತ್ತೈದರ ಕಟ್ಟು, ನಮ್ಮದು ಮಾತ್ರ ಹತ್ತರದ್ದು ಏಕೆ?" ಎಂದು ಮಗಳು ಕೇಳಿದಳು. ತಾಯಿ ನಮ್ಮ ಮುಖ ನೋಡಿದರು. ನಾವು ಸುಮ್ಮನಿದ್ದೆವು. ಸ್ವಲ್ಪ ಯೋಚಿಸಿ ಅವರೆಂದರು: "ನಮ್ಮ ಕಟ್ಟು ಲೇಬಲಿಗೆ ತಕ್ಕ ಹಾಗೆ. ನಿನ್ನದು ಪುಸ್ತಕಕ್ಕೆ ತಕ್ಕ ಹಾಗೆ." ಕಟ್ಟು ಎಷ್ಟರದ್ದೂ ಆಗಬಹುದು, ಆದರೆ ಕಾಗದದ ಮೇಲಿನ ಬರಹವು ಹತ್ತರ ಕಟ್ಟನ್ನು ಮಾತ್ರ ಗುರುತಿಸುತ್ತದೆ ಎಂಬುದನ್ನು ನಾವು ಇಷ್ಟು ಚಿಕ್ಕದಾಗಿ ಹೇಳಲಾರೆವು. ಈಗ ಅವರು ವಾರಕ್ಕೊಂದು ದಿನ ಬರುತ್ತಾರೆ, ನೂಲಿನ ಉಂಡೆ ಅವರದ್ದೇ. ಮಗಳು ಐದನೆಯ ತರಗತಿಯಲ್ಲಿದ್ದಾಳೆ. ಹೈಸ್ಕೂಲಿನ ಬಗ್ಗೆ ಆಕೆಯ ತಂದೆ ಇನ್ನೂ ಏನೂ ಹೇಳಿಲ್ಲ. ಇಂದಿನ ಸಭೆಗೆ ಬಂದಿದ್ದಾರೆ, ಹಿಂದಿನ ಸಾಲಿನಲ್ಲಿದ್ದಾರೆ.

ಹೊರಗಿನ ಜಗಲಿಯಲ್ಲಿ ಕಡ್ಡಿ, ನೂಲು ಮತ್ತು ಮೂರು ಮನೆಯ ಕಾಗದವಿರುವ ಚೀಲಗಳನ್ನು ಇಟ್ಟಿದ್ದೇವೆ. ಕಡ್ಡಿಗಳನ್ನು ಕಟ್ಟಿಲ್ಲ, ಬಿಡಿಯಾಗಿಯೇ ಇವೆ. ಮನೆಗೆ ಒಂದರಂತೆ ಕೊಂಡೊಯ್ಯಿರಿ. ಮಗ್ರಿಬ್‌ಗೆ ಇನ್ನೂ ಹದಿನೈದು ನಿಮಿಷಗಳಿವೆ. ಪ್ರಶ್ನೆಗಳಿದ್ದರೆ ಕೇಳಬಹುದು.